ಡಬ್ಬಿಯಲ್ಲಿರುವ ಹಳೆ ನಾಣ್ಯವನ್ನು ಓದುವುದು ಹೇಗೆ?

ವಾಟ್ಸಾಪ್, ಯೂಟ್ಯೂಬ್‌ಗಳಲ್ಲಿ ಒಂದೇ ಮಾತು ಬೇರೆ ಬೇರೆ ದನಿಯಲ್ಲಿ ಕೇಳಿಬರುತ್ತಿದೆ: ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ, ಟ್ರ್ಯಾಕ್ಟರ್ ಚಿತ್ರದ ಹಳೆ ನೋಟಿಗೂ ಅಷ್ಟೇ, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ಇದನ್ನು ನೋಡಿ ಬೀರುವಿನ ಮೂಲೆಯಲ್ಲಿದ್ದ ಅಜ್ಜಿಯ ಡಬ್ಬಿಯನ್ನು ಹೊರಗೆ ತೆಗೆದವರು ಬಹಳ ಮಂದಿ. ಫೋನ್ ಮಾಡಿದವರಿಗೆ ಆ ಕಡೆಯಿಂದ ಬರುವ ಮೊದಲ ಬೇಡಿಕೆ ನೋಂದಣಿ ಶುಲ್ಕ. ಆಮೇಲೆ ತೆರಿಗೆ. ಆಮೇಲೆ ‘ರಿಸರ್ವ್ ಬ್ಯಾಂಕ್ ಅನುಮತಿ’ಗೆ ಇನ್ನಷ್ಟು. ಹೇಳಿದ ಲಕ್ಷ ಮಾತ್ರ ಬರುವುದಿಲ್ಲ.

ಈ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಎಚ್ಚರಿಕೆ ಕೊಟ್ಟಿದೆ. ಹಳೆ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಗೆ ತಾನು ಕೈಹಾಕುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಹೇಳಿದೆ. ವೈಷ್ಣೋದೇವಿ ನಾಣ್ಯ 2012ರ ಇಸವಿಯದು, ಚಲಾವಣೆಗೆಂದೇ ಟಂಕಿಸಿದ್ದು. ಇವತ್ತು ಅಂಗಡಿಯಲ್ಲಿ ಚಿಲ್ಲರೆಯ ಜೊತೆ ನಿಮ್ಮ ಕೈಗೂ ಬರಬಹುದು.

ಹಾಗಾದರೆ ಆ ಡಬ್ಬಿಯಲ್ಲಿ ಇರುವುದೆಲ್ಲ ಬೆಲೆಯಿಲ್ಲದ ಲೋಹವೇ? ಖಂಡಿತ ಅಲ್ಲ. ಯಾವುದು ಏನು ಎಂದು ತಿಳಿಯಲು ನಾಣ್ಯವನ್ನು ಓದಲು ಬರಬೇಕು, ಅಷ್ಟೇ. ಆ ಓದು ಕಲಿತವರಿಗೆ ನಾಣ್ಯ ಸಂಗ್ರಹ ಬಹಳ ಕಡಿಮೆ ಖರ್ಚಿನಲ್ಲಿ ಬಹಳ ಕೊಡುವ ಹವ್ಯಾಸ.

ಮೊದಲು ಎರಡು ಗುಂಪು ಮಾಡಿ

ಡಬ್ಬಿಯನ್ನು ಒಂದು ಬಟ್ಟೆಯ ಮೇಲೆ ಮೆಲ್ಲಗೆ ಸುರಿದು, 1957ರ ಏಪ್ರಿಲ್ 1ಕ್ಕೆ ಹಿಂದಿನವನ್ನು ಒಂದು ಕಡೆ, ಆಮೇಲಿನವನ್ನು ಇನ್ನೊಂದು ಕಡೆ ಇಡಿ. ಭಾರತದ ದುಡ್ಡಿನ ಲೆಕ್ಕ ಬದಲಾದದ್ದು ಆ ದಿನ.

ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಅಂದರೆ ಒಂದು ರೂಪಾಯಿಗೆ 64 ಪೈಸೆ ಅಥವಾ 192 ಪೈ. ಮೂರು ಜನ ಒಂದು ರೂಪಾಯಿ ಹಂಚಿಕೊಂಡರೂ, ನಾಲ್ಕು ಜನ ಹಂಚಿಕೊಂಡರೂ, ಆರು ಜನ ಹಂಚಿಕೊಂಡರೂ 192 ಚೊಕ್ಕವಾಗಿ ಭಾಗವಾಗುತ್ತದೆ. ನೂರಕ್ಕೆ ಆ ಗುಣ ಇಲ್ಲ. ಆದರೆ ದೊಡ್ಡ ಲೆಕ್ಕಕ್ಕೆ, ಬ್ಯಾಂಕಿಗೆ, ಸರ್ಕಾರದ ಬಜೆಟ್ಟಿಗೆ ಹತ್ತರ ಲೆಕ್ಕವೇ ಸುಲಭ. ಹಾಗಾಗಿ ರೂಪಾಯಿಗೆ ನೂರು ಪೈಸೆ ಎಂದಾಯಿತು. ಹಳೆಯ ಪೈಸೆಯ ಜೊತೆ ಗೊಂದಲ ಆಗಬಾರದೆಂದು ಹೊಸದಕ್ಕೆ ‘ನಯಾ ಪೈಸೆ’ ಎಂದು ಹೆಸರಿಟ್ಟರು. 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಯಿತು. ನಿಮ್ಮ ನಾಣ್ಯದ ಮೇಲೆ ‘ನಯೇ ಪೈಸೆ’ ಎಂದು ಹಿಂದಿಯಲ್ಲಿ ಇದ್ದರೆ ಅದು ಆ ಏಳು ವರ್ಷಗಳಲ್ಲಿ ಹುಟ್ಟಿದ್ದು.

ಬದಲಾವಣೆಯ ಕಾಲದಲ್ಲಿ ಎರಡು ಲೆಕ್ಕವೂ ಒಟ್ಟಿಗೆ ನಡೆದವು. ನಾಲ್ಕಾಣೆಗೆ ಸರಿಯಾಗಿ 25 ನಯಾ ಪೈಸೆ, ತೊಂದರೆ ಇಲ್ಲ. ಆದರೆ ಒಂದಾಣೆಗೆ ಆರೂಕಾಲು ಆಗುತ್ತದೆ. ಅದನ್ನು 6 ಎಂದೂ, ಎರಡಾಣೆಯನ್ನು 12 ಎಂದೂ, ಮೂರಾಣೆಯನ್ನು 19 ಎಂದೂ ಹೊಂದಿಸಿಕೊಂಡರು. ಸಣ್ಣ ವ್ಯಾಪಾರ ಮಾಡುವವರಿಗೆ ಆ ಕಾಲು, ಅರ್ಧ ಪೈಸೆಗಳೂ ಲೆಕ್ಕದ ಮಾತೇ ಆಗಿದ್ದವು. ನಾಲ್ಕಾಣೆ, ಎಂಟಾಣೆ ಎಂಬ ಹೆಸರುಗಳು ಮಾತ್ರ ಆಣೆ ಹೋದ ಮೇಲೂ ನಮ್ಮ ಬಾಯಲ್ಲಿ ದಶಕಗಳ ಕಾಲ ಉಳಿದವು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಮಾನ್ಯತೆ 2011ರ ಜೂನ್ 30ಕ್ಕೆ ಮುಗಿಯಿತು. ಎಂಟಾಣೆಗೆ ಈಗಲೂ ಕಾನೂನಿನ ಮಾನ್ಯತೆ ಇದೆ.

ಕಲಬುರಗಿ, ಬೀದರ್, ರಾಯಚೂರು ಕಡೆಯ ಮನೆಗಳಲ್ಲಿ ಮೂರನೆಯ ಗುಂಪೂ ಸಿಗಬಹುದು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ದುಡ್ಡಿತ್ತು. ಹಾಲಿ ಸಿಕ್ಕಾ ಎನ್ನುತ್ತಿದ್ದರು. ಚಾರ್‌ಮಿನಾರ್ ಚಿತ್ರವೇ ಅದರ ಗುರುತು. ಅದರ ಮೇಲಿನ ಇಸವಿ ನೋಡಿ ಗಾಬರಿಯಾಗಬೇಡಿ. 1330 ಎಂದಿದ್ದರೆ ಅದು ಹಿಜರಿ, ಅಂದರೆ ಇಸ್ಲಾಮಿಕ್ ಪಂಚಾಂಗದ ವರ್ಷ, ನಮ್ಮ ಲೆಕ್ಕದಲ್ಲಿ 1912ರ ಆಸುಪಾಸು. ‘ಏಳುನೂರು ವರ್ಷ ಹಳೆಯ ನಾಣ್ಯ’ ಎಂದು ಮಾರುವವರು ಇದನ್ನು ಹೇಳುವುದಿಲ್ಲ.

ಇಸವಿಯ ಕೆಳಗಿನ ಪುಟ್ಟ ಗುರುತು

ಈಗ ಜೇಬಿನಲ್ಲಿರುವ ಒಂದು ರೂಪಾಯಿ ತೆಗೆದು ಇಸವಿಯ ಕೆಳಗೆ ನೋಡಿ. ವಜ್ರಾಕಾರದ ಪುಟ್ಟ ಗುರುತಿದ್ದರೆ ಅದು ಮುಂಬಯಿ ಟಂಕಸಾಲೆಯದು. ನಕ್ಷತ್ರವಿದ್ದರೆ ಹೈದರಾಬಾದ್. ದುಂಡನೆಯ ಚುಕ್ಕೆ ಇದ್ದರೆ ನೊಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ದೇಶದಲ್ಲಿ ನಾಣ್ಯ ಅಚ್ಚಾಗುವುದು ಈ ನಾಲ್ಕು ಕಡೆ. ಹಾಗಾಗಿ ಒಂದೇ ವರ್ಷದ ಒಂದೇ ಬೆಲೆಯ ನಾಣ್ಯದಲ್ಲೂ ನಾಲ್ಕು ಬಗೆ ಇರಬಹುದು. ಯಾವುದೋ ವರ್ಷ ಯಾವುದೋ ಟಂಕಸಾಲೆ ಕಡಿಮೆ ನಾಣ್ಯ ಮಾಡಿದ್ದರೆ ಸಂಗ್ರಹಕಾರರು ಅದನ್ನೇ ಹುಡುಕುತ್ತಾರೆ.

ನಮ್ಮ ಟಂಕಸಾಲೆಗಳಿಗೆ ಬೇಡಿಕೆ ಪೂರೈಸಲಾಗದ ಕಾಲದಲ್ಲಿ ಭಾರತದ ನಾಣ್ಯ ವಿದೇಶದಲ್ಲೂ ಅಚ್ಚಾಗಿದೆ. 1985ರ ಒಂದು ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ‘ಎಚ್’ ಅಕ್ಷರವಿದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಬಂದದ್ದು. ಎಂಬತ್ತರ ದಶಕದ ಚಿಲ್ಲರೆ ಅಭಾವದ ಗುರುತು ಅದು.

ಇಸವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ. ಅಷ್ಟು ನಾಣ್ಯ ಒಂದೇ ವರ್ಷದಲ್ಲಿ ಹೇಗೆ? ಆಮೇಲೂ ಹಲವು ವರ್ಷ 1862 ಎಂಬ ಇಸವಿಯನ್ನೇ ಇಟ್ಟು ಅಚ್ಚು ಹಾಕಿದರು, ನಿಜವಾದ ವರ್ಷವನ್ನು ಪುಟ್ಟ ಚುಕ್ಕೆಗಳ ಎಣಿಕೆಯಲ್ಲಿ ಸೂಚಿಸಿದರು. ಭೂತಗನ್ನಡಿ ಹಿಡಿದು ಆ ಚುಕ್ಕೆ ಎಣಿಸುವ ಖುಷಿ ಅನುಭವಿಸಿದವರಿಗೇ ಗೊತ್ತು. 1876ರವರೆಗೆ ಆಕೆಯ ಹೆಸರಿನ ಜೊತೆ ರಾಣಿ ಎಂದಿದ್ದರೆ, 1877ರಿಂದ ಚಕ್ರವರ್ತಿನಿ ಎಂದಿದೆ. ಬ್ರಿಟನ್ನಿನ ಸಂಸತ್ತು ಬಿರುದು ಬದಲಿಸಿದ್ದು ನಮ್ಮ ಹಳ್ಳಿಯ ಸಂತೆಯ ದುಡ್ಡಿನ ಮೇಲೂ ದಾಖಲಾಗಿದೆ.

ಬೆಲೆ ಎಲ್ಲಿಂದ ಬರುತ್ತದೆ?

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ವಿಜಯನಗರ ಕಾಲದ ಸಣ್ಣ ತಾಮ್ರದ ಕಾಸು ಐನೂರು ವರ್ಷ ಹಳೆಯದಾದರೂ ಸವೆದಿದ್ದರೆ ಕೆಲವು ನೂರು ರೂಪಾಯಿಗೇ ಸಿಗುತ್ತದೆ, ಏಕೆಂದರೆ ಅವು ಅಪಾರ ಸಂಖ್ಯೆಯಲ್ಲಿ ಉಳಿದಿವೆ. ಬೆಲೆಯನ್ನು ತೀರ್ಮಾನಿಸುವುದು ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಸಂಗತಿಗಳು ಒಟ್ಟಾಗಿ.

1911ರ ರೂಪಾಯಿಯ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಐದನೆಯ ಜಾರ್ಜ್ ಪಟ್ಟಕ್ಕೆ ಬಂದಾಗ ಹೊಸ ರೂಪಾಯಿ ಬಂತು. ದೊರೆಯ ಎದೆಯ ಮೇಲಿನ ಸರಪಳಿಯಲ್ಲಿ ಒಂದು ಪುಟ್ಟ ಆನೆ. ಕೆತ್ತಿದವರು ಸೊಂಡಿಲನ್ನು ಎಷ್ಟು ಗಿಡ್ಡ ಮಾಡಿದ್ದರೆಂದರೆ, ಅದು ಆನೆಯಲ್ಲ ಹಂದಿ ಎಂಬ ಮಾತು ಹಬ್ಬಿತು. ಮುಸ್ಲಿಮರಿಗೆ ಅದು ಧರ್ಮಕ್ಕೆ ತಟ್ಟುವ ಸಂಗತಿ. ಸರ್ಕಾರ ಬಿಡುಗಡೆಯನ್ನು ನಿಲ್ಲಿಸಿ, ಟಂಕಿಸಿದ್ದರಲ್ಲಿ ಬಹುಪಾಲನ್ನು ಕರಗಿಸಿ, 1912ರ ನಾಣ್ಯಕ್ಕೆ ಆನೆಯನ್ನು ತಿದ್ದಿ ಕೆತ್ತಿಸಿತು. 1912ರದು ಸಾಮಾನ್ಯ, 1911ರದಕ್ಕೆ ಹೆಚ್ಚು ಬೇಡಿಕೆ. ನಡುವೆ ಇರುವುದು ಒಂದೇ ವರ್ಷ.

ಆರನೆಯ ಜಾರ್ಜ್ ಕಾಲದ 1939ರ ರೂಪಾಯಿಯೂ ಹೀಗೇ ಅಪರೂಪ. ಅದಕ್ಕೇ ಅದರ ನಕಲುಗಳೂ ಹೆಚ್ಚು. ಆ ಇಸವಿ ಕಂಡ ಕೂಡಲೇ ಹಿಗ್ಗುವ ಬದಲು ಬಲ್ಲವರಿಗೆ ತೋರಿಸಿ.

ಅಪರೂಪವಲ್ಲದ ಬೆಳ್ಳಿ ರೂಪಾಯಿಗೂ ಲೋಹದ ಬೆಲೆ ಇದ್ದೇ ಇದೆ. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತದೆ. ಅದರಲ್ಲಿ ಶೇ 91.7 ಬೆಳ್ಳಿ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್; ಒಂದು ಬದಿಯಲ್ಲಿ ಹುಲಿಯ ಚಿತ್ರ. ತಾಮ್ರವನ್ನು ಉಳಿಸಲು 1943ರಿಂದ ಪೈಸೆಯ ನಡುವೆ ತೂತು ಹಾಕಿದರು. ಮನೆಯ ಡಬ್ಬಿಯಲ್ಲಿ ತೂತಿನ ಕಾಸು ಇದ್ದರೆ, ದೂರದ ಯುದ್ಧ ನಮ್ಮ ಅಜ್ಜಿಯ ಸೆರಗಿನ ಗಂಟಿನವರೆಗೂ ಬಂದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಹುಣಸೆಹಣ್ಣು ಹಚ್ಚಬೇಡಿ

ಡಬ್ಬಿ ತೆಗೆದ ದಿನ ಹೆಚ್ಚಿನ ಮನೆಗಳಲ್ಲಿ ನಡೆಯುವ ಮೊದಲ ಕೆಲಸ ಉಜ್ಜುವುದು. ತಾಮ್ರದ ಚೊಂಬಿಗೆ ಹಚ್ಚುವಂತೆ ಹುಣಸೆಹಣ್ಣು, ನಿಂಬೆಹಣ್ಣು, ಇಲ್ಲವೇ ಟೂತ್‌ಪೇಸ್ಟ್. ನಾಣ್ಯ ಫಳಫಳ ಹೊಳೆಯುತ್ತದೆ. ಸಂಗ್ರಹಕಾರರ ಲೆಕ್ಕದಲ್ಲಿ ಅದರ ಬೆಲೆ ಬಿದ್ದುಹೋಗುವುದೂ ಆಗಲೇ.

ಏಕೆ ಎಂದು ತಿಳಿಯಲು ನಾಣ್ಯ ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ಬಿಲ್ಲೆಯಾಗಿ ಕತ್ತರಿಸಿದ ಲೋಹವನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ಆ ಕ್ಷಣದಲ್ಲಿ ಲೋಹ ನಡುವಿನಿಂದ ಅಂಚಿನ ಕಡೆ ಸರಿದು ಅಚ್ಚಿನ ಹಳ್ಳಗಳನ್ನು ತುಂಬುತ್ತದೆ. ಹಾಗೆ ಸರಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೇಲ್ಮೈಯಲ್ಲಿ ಮೂಡುತ್ತವೆ. ಮೈಸೂರು ರೇಷ್ಮೆ ಸೀರೆಯನ್ನು ಬೆಳಕಿನಲ್ಲಿ ಹೊರಳಿಸಿದಾಗ ಹೊಳಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತದಲ್ಲ, ಹೊಸ ನಾಣ್ಯವನ್ನು ವಾಲಿಸಿದಾಗಲೂ ಹಾಗೆಯೇ. ಆ ಗೆರೆಗಳ ಕೆಲಸ ಅದು. ಹುಳಿ ಆ ಗೆರೆಗಳನ್ನು ತಿಂದುಹಾಕುತ್ತದೆ, ಉಜ್ಜುವಿಕೆ ಅಳಿಸಿಹಾಕುತ್ತದೆ. ಉಳಿಯುವುದು ಜೀವವಿಲ್ಲದ ಬೋಳು ಹೊಳಪು. ಕಾಲ ಕಳೆದಂತೆ ಬೆಳ್ಳಿಯ ಮೇಲೆ ಕೂರುವ ಕಪ್ಪು, ನೀಲಿ ಛಾಯೆ, ತಾಮ್ರದ ಮೇಲಿನ ಕಂದು ಪದರ ಕೊಳೆ ಅಲ್ಲ. ಒಳಗಿನ ಲೋಹಕ್ಕೆ ಅದು ಒಂದು ಹೊದಿಕೆ, ನಾಣ್ಯ ಅಸಲಿ ಎನ್ನುವುದಕ್ಕೂ ಒಂದು ಸುಳಿವು. ಮಣ್ಣು ಮೆತ್ತಿದ್ದರೆ ಬರಿ ನೀರಿನಲ್ಲಿ ನೆನೆಸಿ, ಉಜ್ಜದೆ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು.

ಕಾಸಿನ ಸರಕ್ಕೆಂದು ಕೊಂಡಿ ಬೆಸೆದಿದ್ದ ನಾಣ್ಯಕ್ಕೂ ಸಂಗ್ರಹದ ಬೆಲೆ ಕಡಿಮೆ. ಕೊಂಡಿ ತೆಗೆಸಿದರೂ ಬೆಸುಗೆಯ ಕಲೆ ಅಂಚಿನಲ್ಲಿ ಉಳಿಯುತ್ತದೆ. ಅಂಥದನ್ನು ಸರವಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಅದರ ಕಥೆ ಇರುವುದು ಸರದಲ್ಲಿ.

ಇಡುವ ಬಗ್ಗೆ ಎರಡು ಮಾತು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಬೆವರು ವರ್ಷಗಳ ನಂತರ ಅಚ್ಚೊತ್ತಿದ ಕಲೆಯಾಗಿ ಕಾಣಿಸುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂಗಳು ಕಾಲಕ್ರಮೇಣ ಆಮ್ಲ ಬಿಟ್ಟು ನಾಣ್ಯದ ಮೇಲೆ ಹಸಿರು ಅಂಟು ಬರಿಸುತ್ತವೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಪಾರದರ್ಶಕ ಕಿಟಕಿಯಿರುವ ರಟ್ಟಿನ ಚೌಕಗಳು ನಾಣ್ಯದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಅವೇ ಉತ್ತಮ. ಮಂಗಳೂರು, ಉಡುಪಿ, ಕಾರವಾರದಂಥ ಕಡಲತೀರದ ಊರುಗಳಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನೂ ಇಡಬೇಕು.

ತಕ್ಕಡಿ, ಅಯಸ್ಕಾಂತ ಮತ್ತು ರಾಮನ ಚಿತ್ರದ ‘ಕಂಪನಿ ನಾಣ್ಯ’

ನಕಲಿಯನ್ನು ಹಿಡಿಯಲು ಆಭರಣದ ಅಂಗಡಿಯವರು ಬಳಸುವಂಥ ಪುಟ್ಟ ತಕ್ಕಡಿ ಮತ್ತು ಒಂದು ಅಯಸ್ಕಾಂತ ಸಾಕಷ್ಟು ಕೆಲಸ ಮಾಡುತ್ತವೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ವಿಕ್ಟೋರಿಯಾ ರೂಪಾಯಿ ಅಂಟಿದರೆ ಅದು ಬೆಳ್ಳಿಯದಲ್ಲ. 1947ರ ನಿಕ್ಕಲ್ ರೂಪಾಯಿ ಅಂಟದಿದ್ದರೆ ಅನುಮಾನಪಡಿ. ತೂಕದಲ್ಲಿ ಸವೆತದಿಂದ ಸ್ವಲ್ಪ ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಅಥವಾ 1717 ಎಂಬ ಇಸವಿ, ಅರ್ಧ ಆಣೆ ಎಂಬ ಬರಹ, ಇನ್ನೊಂದು ಬದಿಗೆ ರಾಮನ ಪಟ್ಟಾಭಿಷೇಕ ಅಥವಾ ಹನುಮಂತ. ಇಂಥ ನಾಣ್ಯವನ್ನು ನೀವೂ ಕಂಡಿರಬಹುದು. ಕಂಪನಿ ಇಂಥದನ್ನು ಯಾವತ್ತೂ ಟಂಕಿಸಲಿಲ್ಲ. ಇವು ಜಾತ್ರೆ, ತೀರ್ಥಕ್ಷೇತ್ರಗಳಲ್ಲಿ ಮಾರಲು ಇತ್ತೀಚೆಗೆ ಮಾಡಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಂಡರೆ ಅದು ಅವರವರ ಭಕ್ತಿ, ಹಣ ಕೊಟ್ಟು ಕೊಳ್ಳುವುದು ಬೇಡ. ಅಕ್ಕಿಯನ್ನು ಎಳೆಯುತ್ತದೆ, ಅದರಲ್ಲಿ ಅಪೂರ್ವ ಶಕ್ತಿಯಿದೆ ಎನ್ನುವ ‘ರೈಸ್ ಪುಲ್ಲಿಂಗ್’ ಮೋಸಕ್ಕೂ ಹಳೆಯ ತಾಮ್ರದ ಪಾತ್ರೆ, ನಾಣ್ಯಗಳೇ ಬಂಡವಾಳ. ತಾಮ್ರಕ್ಕೆ ಅಕ್ಕಿಯನ್ನು ಎಳೆಯುವ ಗುಣವೇ ಇಲ್ಲ.

ನಮ್ಮ ನೆಲದ ನಾಣ್ಯಗಳು ಹೇಳುವುದು

ಕನ್ನಡ ಬಲ್ಲವರಿಗೆ ಈ ಹವ್ಯಾಸದಲ್ಲಿ ಒಂದು ವಿಶೇಷ ಸುಖವಿದೆ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊರಡಿಸಿದ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಹಳಗನ್ನಡ ಲಿಪಿಯಲ್ಲಿ ಇದೆ. ಇನ್ನೊಂದರಲ್ಲಿ ‘ಶ್ರೀ ನೊಣಂಬವಾಡಿಗೊಂಡ’. ತನ್ನ ಹೆಸರನ್ನು ಬರೆಸುವ ಬದಲು ದೊರೆ ತಾನು ಗೆದ್ದ ನಾಡಿನ ಹೆಸರನ್ನು ಬರೆಸಿದ್ದಾನೆ. ಪತ್ರಿಕೆಯಿಲ್ಲದ ಕಾಲದಲ್ಲಿ ಗೆಲುವಿನ ಸುದ್ದಿ ಊರೂರಿಗೆ ತಲುಪಿದ್ದು ಹೀಗೂ ಹೌದು.

ವಿಜಯನಗರದ ವರಹ ಸುಮಾರು 3.4 ಗ್ರಾಂ ಚಿನ್ನ. ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣ ಕುಳಿತಿದ್ದಾನೆ. ಅಚ್ಯುತರಾಯನ ನಾಣ್ಯದ ಮೇಲೆ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಬೆರಳ ತುದಿಯಷ್ಟು ಜಾಗದಲ್ಲಿ ಅಷ್ಟನ್ನು ಕೆತ್ತಿದ ಅಕ್ಕಸಾಲಿಗರ ಹೆಸರು ನಮಗೆ ಗೊತ್ತಿಲ್ಲ ಎನ್ನುವುದು ನನ್ನನ್ನು ಯಾವಾಗಲೂ ಕಾಡುತ್ತದೆ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಹೊರಡಿಸಿದ ‘ಕಂಠೀರಾಯಿ ಹಣ’ ಎಂಬ ಚಿನ್ನದ ನಾಣ್ಯ ಇನ್ನೂ ಪುಟ್ಟದು, ಕೈಜಾರಿದರೆ ಹುಡುಕಬೇಕಾಗುತ್ತದೆ. ಅದರ ಮೇಲೆ ನರಸಿಂಹ.

ಹೈದರಾಲಿ ಅಧಿಕಾರ ಹಿಡಿದಾಗ ಚಿನ್ನದ ವರಹದ ಮೇಲಿದ್ದ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ, ಅಷ್ಟೇ. ಜನ ನಂಬಿದ ದುಡ್ಡಿನ ಮುಖ ಬದಲಾದರೆ ವ್ಯಾಪಾರ ಕೆಡುತ್ತದೆ ಎಂಬ ಲೆಕ್ಕ ಅದರ ಹಿಂದೆ ಇದ್ದಿರಬೇಕು. ಮಗ ಟಿಪ್ಪುವಿನ ದಾರಿ ಬೇರೆ. ಆತನ ತಾಮ್ರದ ನಾಣ್ಯಗಳ ಮೇಲೆ ಆನೆ. ನಾಣ್ಯಗಳಿಗೆ ಜೊಹ್ರಾ ಅಂದರೆ ಶುಕ್ರಗ್ರಹದಂಥ ಹೆಸರುಗಳನ್ನಿಟ್ಟ; ಮೌಲೂದಿ ಎಂಬ ಹೊಸ ಶಕೆ ತಂದು ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದವರು ಇಸವಿಯನ್ನು ತಲೆಕೆಳಗಾಗಿ ಓದುತ್ತಾರೆ. ಆಮೇಲೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ, ಜೊತೆಗೆ ಇಂಗ್ಲಿಷ್ ಮತ್ತು ಪರ್ಷಿಯನ್‌ನಲ್ಲಿ ಬರೆದಿದೆ. ಮೂರು ಲಿಪಿಗಳು ಒಂದೇ ಕಾಸಿನ ಮೇಲೆ ಇಕ್ಕಟ್ಟಾಗಿ ಕೂತಿರುವುದನ್ನು ನೋಡಿದರೆ ಆ ಕಾಲದ ಮೈಸೂರಿನಲ್ಲಿ ಯಾರ್ಯಾರ ಮಾತು ನಡೆಯುತ್ತಿತ್ತು ಎಂದು ತಿಳಿಯುತ್ತದೆ.

ಇವನ್ನು ನೋಡಲು ಕೊಳ್ಳಲೇಬೇಕಿಲ್ಲ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯವಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೂ ನಾಣ್ಯಗಳಿವೆ. ನೋಟುಗಳ ಆಸಕ್ತಿ ಇದ್ದವರಿಗೆ ಬೆಂಗಳೂರಿನಲ್ಲಿ ಭಾರತದ ಕಾಗದದ ಹಣಕ್ಕೆಂದೇ ಒಂದು ಸಂಗ್ರಹಾಲಯ ತೆರೆದಿದೆ.

ಹತ್ತು ರೂಪಾಯಿಯಿಂದ ಶುರು ಮಾಡಿ

ಹೊಸಬರು ಎಡವುವುದು ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕುವಲ್ಲಿ. ಗುಡ್ಡೆ ಬೆಳೆಯುತ್ತದೆ, ಆಸಕ್ತಿ ಕರಗುತ್ತದೆ. ಒಂದು ಸಣ್ಣ ವಿಷಯ ಹಿಡಿದು ಅದನ್ನು ಪೂರ್ತಿ ಮಾಡುವುದು ಮೇಲು.

ಎರಡು ಲೋಹದ ಹತ್ತು ರೂಪಾಯಿ ನಾಣ್ಯ ಅದಕ್ಕೆ ಹೇಳಿ ಮಾಡಿಸಿದ್ದು. ವಿನ್ಯಾಸಗಳು ಬೇರೆ ಬೇರೆ ಇರುವುದರಿಂದ ಕೆಲವು ನಕಲಿ ಎಂಬ ವದಂತಿ ಹಬ್ಬಿ, ನಮ್ಮ ಎಷ್ಟೋ ಊರುಗಳಲ್ಲಿ ಅಂಗಡಿಯವರು, ಬಸ್ ಕಂಡಕ್ಟರುಗಳು ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆಗ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ, ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಹತ್ತು ರೂಪಾಯಿ ನಾಣ್ಯ ಬಂದಿದೆ, ಎಲ್ಲವೂ ಮಾನ್ಯ ಎಂದು ತಿಳಿಸಿತು. ಆ 14ನ್ನೂ ಹುಡುಕಿ. ಸಿಕ್ಕ ಪ್ರತಿಯೊಂದಕ್ಕೂ ನೀವು ತೆರುವ ಬೆಲೆ ಹತ್ತೇ ರೂಪಾಯಿ, ಬೇಡವಾದ ದಿನ ಅಷ್ಟಕ್ಕೇ ಖರ್ಚು ಮಾಡಬಹುದು. ಆಮೇಲೆ ಟಂಕಸಾಲೆಯ ಗುರುತುಗಳ ಪ್ರಕಾರ ಹುಡುಕಿದರೆ ಆಟ ದೊಡ್ಡದಾಗುತ್ತದೆ.

ಮಕ್ಕಳಿಗಾದರೆ ಆಕಾರಗಳೇ ಸಾಕು. ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಹೂವಿನಂತೆ ಅಂಚಿರುವ ಹತ್ತು ಪೈಸೆ, ಖಡ್ಗಮೃಗದ ನಾಲ್ಕಾಣೆ. ದೊಡ್ಡವರಿಗೆ 1970ರ ದಶಕದ ಸಂದೇಶ ನಾಣ್ಯಗಳು ಒಳ್ಳೆಯ ವಿಷಯ. 1973ರದು ಹೆಚ್ಚು ಆಹಾರ ಬೆಳೆಯಿರಿ ಎನ್ನುತ್ತದೆ. 1974ರದು ಕುಟುಂಬ ಯೋಜನೆಯನ್ನೂ ಆಹಾರವನ್ನೂ ಜೋಡಿಸುತ್ತದೆ. ದೇಶ ಆಗ ಯಾವುದರ ಚಿಂತೆಯಲ್ಲಿತ್ತು ಎಂದು ಚಿಲ್ಲರೆಯಿಂದಲೇ ತಿಳಿಯುತ್ತದೆ. 2006ರಲ್ಲಿ ಬಸವಣ್ಣನವರ ಸ್ಮರಣೆಗೆ ಬಂದ ಐದು ರೂಪಾಯಿಯೂ ಹುಡುಕಲು ಯೋಗ್ಯ.

ಜೊತೆಗೊಂದು ನೋಟ್ ಪುಸ್ತಕ ಇಡಿ. ಯಾವ ನಾಣ್ಯ, ಎಲ್ಲಿ, ಯಾರಿಂದ, ಎಷ್ಟಕ್ಕೆ, ತೂಕ ಎಷ್ಟು ಎಂದು ಬರೆದಿಡಿ. ಸೋದರಮಾವ ಕೊಟ್ಟ ಎರಡಾಣೆ ಎಂದು ಬರೆದಿರದಿದ್ದರೆ ಇಪ್ಪತ್ತು ವರ್ಷದ ಮೇಲೆ ಅದು ಬರಿ ಎರಡಾಣೆ.

ಮಾರುವ ಮನಸ್ಸಾದರೆ ನಾಣ್ಯ ಪ್ರದರ್ಶನಗಳಲ್ಲಿ ಕನಿಷ್ಠ ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿ. ನಾಣ್ಯ ಕೊಳ್ಳುವವರು ನಿಮಗೆ ಹಣ ಕೊಡುತ್ತಾರೆ. ಮೊದಲು ನೀವೇ ಹಣ ಕಟ್ಟಬೇಕು ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಕಾನೂನು ಏನು ಹೇಳುತ್ತದೆ?

ಹಳೆ ನಾಣ್ಯ ಇಟ್ಟುಕೊಳ್ಳುವುದು, ಕೊಳ್ಳುವುದು ಅಪರಾಧವಲ್ಲ. ಆದರೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕಕ್ಕೋ ದುಬೈಗೋ ಹೋಗುವ ಮಗಳ ಕೈಗೆ ನೆನಪಿಗಿರಲಿ ಎಂದು ವಿಕ್ಟೋರಿಯಾ ರೂಪಾಯಿ ಕೊಡುವ ಮೊದಲು ಇದನ್ನು ಯೋಚಿಸಿ. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದು, ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ.

ಪಾಯ ಅಗೆಯುವಾಗಲೋ ಹೊಲ ಉಳುವಾಗಲೋ ಸಿಕ್ಕಿದ ನಾಣ್ಯದ ವಿಷಯ ಪೂರ್ತಿ ಬೇರೆ. ಅದು ನಿಧಿ. 1878ರಿಂದಲೇ ಇದಕ್ಕೆ ಕಾಯ್ದೆಯಿದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಸರ್ಕಾರ ಕಸಿದುಕೊಳ್ಳುತ್ತದೆ ಎಂಬ ಭಯದಲ್ಲಿ ಜನ ಮುಚ್ಚಿಡುತ್ತಾರೆ, ಅಕ್ಕಸಾಲಿಗರ ಕುಲುಮೆಗೆ ಹಾಕಿಸುತ್ತಾರೆ. ಆಗ ಕಳೆದುಹೋಗುವುದು ಚಿನ್ನವಲ್ಲ, ಅದು ಸಿಕ್ಕಿದ ಜಾಗದ ಮಾಹಿತಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾಗಿ ಆ ನಾಣ್ಯ ಮಲಗಿದ್ದ ಮಣ್ಣಿನ ಪದರ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅದೇ ಪದರದ ಮಡಕೆ ಚೂರುಗಳಿಗೂ ಕಾಲ ಗೊತ್ತಾಯಿತು, ಅಂಥದೇ ಮಡಕೆ ಸಿಕ್ಕ ಬೇರೆ ಊರುಗಳಿಗೂ. ಆ ಬೆಳ್ಳಿಯ ಬಿಲ್ಲೆ ಯಾರದೋ ಕೈ ಸೇರಿ ಸಂತೆಯಲ್ಲಿ ಮಾರಾಟವಾಗಿದ್ದರೆ, ಅದು ರೋಮಿನದು ಎಂಬುದಷ್ಟೇ ತಿಳಿಯುತ್ತಿತ್ತು. ಚಿತ್ರದುರ್ಗದ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ.